ಒಂದೇ ಪಾಸ್‌ವರ್ಡಿನ ತಿಂಗಳು

ಆ ದಿನಗಳಲ್ಲಿ ಫಾಹಿಮಾಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಲೈಬ್ರರಿಗೆ ವಾಪಸು ಬಂದ ಪುಸ್ತಕವನ್ನು ಎತ್ತಿಕೊಂಡ ಕೂಡಲೇ ಅದರ ರಟ್ಟಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದಳು, ಬಿಸಿ ಇದೆಯೋ ಎಂದು. ಇಟ್ಟ ಮೇಲೆ ತಾನು ಏನು ಮಾಡುತ್ತಿದ್ದೇನೆಂದು ಹೊಳೆದು, ಯಾರಾದರೂ ಕಂಡರೋ ಎಂದು ಸುತ್ತ ನೋಡಿ ಕೈ ತೆಗೆಯುತ್ತಿದ್ದಳು. ಬಂಟ್ವಾಳದ ಮನೆಯಲ್ಲಿ ಬಿಟ್ಟು ಬಂದ ಎರಡು ವರ್ಷದ ಮಗಳ ಹಣೆ ಅವಳ ಕೈಗೆ ಅಂಟಿಕೊಂಡೇ, ಸಿದ್ಧಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಮೂಡುಬಿದಿರೆಯವರೆಗೆ ಬರುತ್ತಿತ್ತು.

ಫಾಹಿಮಾ ಹುಟ್ಟಿದ್ದು ಕನ್ಯಾನದಲ್ಲಿ. ತಂದೆ ಅಬ್ದುಲ್ ಶುಕೂರ್ ಅವರಿಗೆ ಅಲ್ಲಿ ಪಾತ್ರೆ ಅಂಗಡಿ. ಸಣ್ಣವಳಿರುವಾಗಲೇ ಅವಳು ಅಂಗಡಿಯ ಪಾತ್ರೆಗಳನ್ನು ಗಾತ್ರ ನೋಡಿ ಒಂದರೊಳಗೊಂದು ಇಡುತ್ತಿದ್ದಳು. "ಇವಳಿಗೆ ಎಲ್ಲದಕ್ಕೂ ಒಂದು ಜಾಗ ಬೇಕು" ಎಂದು ತಂದೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಆ ಗುಣವೇ ಅವಳನ್ನು ಗ್ರಂಥಾಲಯ ವಿಜ್ಞಾನ ಓದಿಸಿ, ಮದುವೆಯಾದ ಮೇಲೂ ಬಿಡದೆ, ಮೂಡುಬಿದಿರೆ ಹತ್ತಿರದ ಒಂದು ಕಾಲೇಜಿನ ಲೈಬ್ರರಿಗೆ ತಂದು ಕೂರಿಸಿತು. ಗಂಡ ನಿಝಾಮುದ್ದೀನ್ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕೆ. ಮನೆಯಲ್ಲಿ ಅತ್ತೆ ಮೈಮೂನಮ್ಮ ಮತ್ತು ಮಗಳು ಫರ್ಹಾನ. ಬೆಳಿಗ್ಗೆ ಮಗುವಿಗೆ ಗಂಜಿ, ಸಂಜೆ ಬಂದ ಮೇಲೆ ಸ್ನಾನ, ರಾತ್ರಿ ಊಟದ ಮೊದಲು ದಮ್ಮಾಮಿಗೆ ಫೋನು. ಎಲ್ಲದಕ್ಕೂ ಜಾಗವಿತ್ತು.

ಎಲ್ಲಿಯೂ ಇಡಲಾಗದ ಸಂಗತಿಯೊಂದು ಬಂದದ್ದು ಬೆಳ್ತಂಗಡಿಯ ಮದುವೆ ಹಾಲಿನಲ್ಲಿ.

ನಿಝಾಮುದ್ದೀನನ ಕಡೆಯ ಮದುವೆ. ಫರ್ಹಾನಳಿಗೆ ಬೆಳಿಗ್ಗೆಯಿಂದಲೇ ಮೂಗು ಸೋರುತ್ತಿತ್ತು. ಹೊಸ ಜರಿಯ ಫ್ರಾಕು ಹಾಕಿಕೊಂಡು ಮಕ್ಕಳ ಜೊತೆ ಓಡುತ್ತಿದ್ದವಳ ಮೈ ಸುಡುತ್ತಿರುವುದು ಯಾರ ಗಮನಕ್ಕೂ ಬರಲಿಲ್ಲ. ಹೆಂಗಸರ ಬದಿಯಲ್ಲಿ ಬಿರಿಯಾನಿ ಬಡಿಸುವ ಹೊತ್ತಿಗೆ ಮಗು ತಾಯಿಯ ಮಡಿಲಿಗೆ ಬಂದು ತಲೆ ಇಟ್ಟಿತು. ಇಟ್ಟ ತಲೆ ಹಿಂದಕ್ಕೆ ಸೆಟೆಯಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕೈಕಾಲು ಅದುರತೊಡಗಿದವು. ತುಟಿ ನೇರಳೆಯಾಯಿತು.

ಆಮೇಲಿನದು ಫಾಹಿಮಾಳಿಗೆ ತುಂಡುತುಂಡಾಗಿ ಮಾತ್ರ ನೆನಪು. ಯಾರೋ ಬೀಗದ ಕೈಗೊಂಚಲನ್ನು ಮಗುವಿನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡಿದರು. "ಕಬ್ಬಿಣ ಹಿಡಿಸಿ, ಕಬ್ಬಿಣ ಹಿಡಿಸಿ!" ಎಂಬ ಕೂಗು. ಕಾರಿನಲ್ಲಿ ಹೋಗುವಾಗ ಮಗು ಸುಮ್ಮನಾಯಿತು. ಆ ಸುಮ್ಮನಾದದ್ದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ. ಸತ್ತೇ ಹೋಯಿತು ಎಂದುಕೊಂಡಳು. ಹಾಗೆ ಅಂದುಕೊಂಡ ಆ ಗಳಿಗೆ ಅವಳೊಳಗಿಂದ ಮತ್ತೆ ಹೊರಗೆ ಹೋಗಲೇ ಇಲ್ಲ.

ಬೆಳ್ತಂಗಡಿಯ ಡಾಕ್ಟರು ವಯಸ್ಸಾದವರು, ನಿಧಾನಿ. ಮಗು ಆಗಲೇ ಅವರ ಸ್ಟೆತಸ್ಕೋಪು ಎಳೆಯಲು ಕೈ ಚಾಚುತ್ತಿತ್ತು.

"ಇದು ಜ್ವರದ ಫಿಟ್ಸ್. ಸಣ್ಣ ಮಕ್ಕಳಲ್ಲಿ ಬರ್ತದೆ. ದೊಡ್ಡದಾಗುವಾಗ ತನ್ನಷ್ಟಕ್ಕೆ ಹೋಗ್ತದೆ. ಹೆದರುವಂಥದ್ದು ಎಂತ ಇಲ್ಲ. ಮತ್ತೊಮ್ಮೆ ಬಂದ್ರೂ ಬರಬಹುದು."

ಫಾಹಿಮಾಳ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಒಂದೇ.

ಮನೆಗೆ ಬಂದ ಮೇಲೆ ಮೈಮೂನಮ್ಮ ಬಾಗಿಲು ಹಾಕಿ ದನಿ ತಗ್ಗಿಸಿ ಹೇಳಿದರು. "ನೋಡು ಮಗಳೇ, ಇದನ್ನು ಊರಿಗೆಲ್ಲ ಹೇಳ್ಲಿಕ್ಕೆ ಹೋಗ್ಬೇಡ. ಹೆಣ್ಣು ಮಗು. ಫಿಟ್ಸ್‌ನ ಹುಡುಗಿ ಅಂತ ಒಮ್ಮೆ ಬಾಯಿಗೆ ಬಿದ್ರೆ ಮತ್ತೆ ಅಳಿಸ್ಲಿಕ್ಕಾಗುದಿಲ್ಲ."

ಹೀಗೆ ಹೆದರಿಕೆ ಎರಡಾಯಿತು. ಒಂದು ಮತ್ತೆ ಬರುವುದರದು, ಇನ್ನೊಂದು ಗೊತ್ತಾಗುವುದರದು.

ಇದಾದ ವಾರದಲ್ಲೇ ಲೈಬ್ರರಿಗೆ ಆ ಡೇಟಾಬೇಸುಗಳು ಬಂದವು. ಸಂಶೋಧನೆಯ ಲೇಖನಗಳನ್ನು ದೇಶದೇಶಗಳಿಂದ ಒಟ್ಟುಮಾಡಿ ಆನ್‌ಲೈನಿನಲ್ಲಿ ಓದಲು ಕೊಡುವ ಕಂಪನಿಗಳು, ಕೊಳ್ಳುವ ಮೊದಲು ಒಂದು ತಿಂಗಳು ಸುಮ್ಮನೆ ಬಳಸಿ ನೋಡಿ ಎಂದು ಕಾಲೇಜಿಗೆ ಬಿಟ್ಟುಕೊಟ್ಟಿದ್ದವು. ಒಂದು ವಾಣಿಜ್ಯದ್ದು, ಒಂದು ಭಾಷೆ ಮತ್ತು ಇತಿಹಾಸದ್ದು, ಮೂರನೆಯದು ವಿಜ್ಞಾನ ಮತ್ತು ಆರೋಗ್ಯದ್ದು. ಮುಖ್ಯ ಗ್ರಂಥಪಾಲಕ ದೇವಿಪ್ರಸಾದ್ ಆ ಕೆಲಸವನ್ನು ಫಾಹಿಮಾಳಿಗೆ ವಹಿಸಿದರು.

"ನೀವು ಮೂರನ್ನೂ ನೋಡಿ. ಮಕ್ಕಳಿಗೆ ಹೇಳಿಕೊಡಿ. ಕೊನೆಗೆ ಯಾವುದು ಬೇಕು, ಯಾವುದು ಬೇಡ ಅಂತ ನನಗೆ ಒಂದು ಮಾತು ಹೇಳಿದ್ರೆ ಸಾಕು. ಒಬ್ಬೊಬ್ಬರಿಗೆ ಬೇರೆಬೇರೆ ಲಾಗಿನ್ ಇಲ್ಲ. ಇಡೀ ಕಾಲೇಜಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್."

ಫಾಹಿಮಾ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆದು ಕಂಪ್ಯೂಟರುಗಳ ಮೇಲಿನ ಗೋಡೆಗೆ ಅಂಟಿಸಿದಳು. ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಹೇಳಿಕೊಟ್ಟಳು. ಹುಡುಕುವಾಗ ನಿಮ್ಮ ಮನಸ್ಸಿನಲ್ಲಿರುವ ಉತ್ತರವನ್ನು ಪ್ರಶ್ನೆಯೊಳಗೆ ಸೇರಿಸಬೇಡಿ. ಒಬ್ಬ ರೋಗಿಯ ಕತೆಗೂ ಸಾವಿರಾರು ಜನರನ್ನು ನೋಡಿ ಬರೆದದ್ದಕ್ಕೂ ವ್ಯತ್ಯಾಸ ಉಂಟು. ಮೊದಲು ಸಿಕ್ಕಿದ್ದೇ ಸರಿಯಾದದ್ದು ಅಂತಲ್ಲ. ಚೆನ್ನಾಗಿಯೇ ಹೇಳಿಕೊಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಡಬ್ಬಿಯ ಮುಚ್ಚಳವನ್ನೂ ತೆರೆಯದೆ, ಕೌಂಟರಿನ ಕಂಪ್ಯೂಟರಿನಲ್ಲಿ ಮೂರನೆಯ ಡೇಟಾಬೇಸು ತೆರೆದಳು. ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: ಮಗು, ಜ್ವರ, ಫಿಟ್ಸ್, ನಿದ್ದೆಯಲ್ಲಿ ಸಾವು.

ಕೇಳಿದ್ದು ಬಂತು. ಎಲ್ಲಿಯದೋ ಊರಿನ ಒಂದು ಮಗು, ಮಧ್ಯಾಹ್ನ ಮಲಗಿದ್ದು ಏಳಲಿಲ್ಲ. ಇನ್ನೊಂದು ಊರಿನ ಇನ್ನೊಂದು ಮಗುವಿಗೆ ಜ್ವರ ಇಳಿದ ಮೇಲೆ ಮಾತು ಹೋಯಿತು. ಮತ್ತೊಂದಕ್ಕೆ ಜ್ವರದ ಫಿಟ್ಸ್ ಎಂದುಕೊಂಡದ್ದು ಬೇರೆ ಏನೋ ಆಗಿತ್ತು. ಹೆಸರಿಲ್ಲದ ಮಕ್ಕಳು. 'ಎರಡು ವರ್ಷದ ಹೆಣ್ಣು ಮಗು' ಎಂದು ಮಾತ್ರ ಬರೆದಿತ್ತು. ಹೆಸರಿಲ್ಲದ ಆ ಜಾಗದಲ್ಲೆಲ್ಲ ಫಾಹಿಮಾ ಫರ್ಹಾನಳ ಹೆಸರು ಓದಿದಳು.

ಮರುದಿನವೂ ಓದಿದಳು. ಅದರ ಮರುದಿನವೂ. ಪ್ರತಿದಿನ ಹುಡುಕುವ ಮಾತು ಒಂದಿಷ್ಟು ಕೆಟ್ಟದಾಗುತ್ತ ಹೋಯಿತು. ಓದಿ ಮುಗಿದ ಕೂಡಲೇ ಮನೆಗೆ, ಅತ್ತೆಗೆ ಫೋನು.

"ಮಾಮಿ, ಮಲಗಿದ್ದಾಳಾ? ಎದೆ ಏರಿಳಿಯುವುದು ಕಾಣ್ತದಾ? ಹಣೆ ಮುಟ್ಟಿ ನೋಡಿ."

"ಈಗಷ್ಟೇ ಮುಟ್ಟಿದ್ದೆ."

"ಇನ್ನೊಮ್ಮೆ ನೋಡಿ."

"ಯಾ ಅಲ್ಲಾಹ್, ಮಲಗಿದ ಮಗುವಿನ ಹಣೆ ಎಷ್ಟು ಸಲ ಮುಟ್ಟುದು ಮಾರಾಯ್ತಿ? ಅದು ಹಣೆಯಾ, ಕಾಲಿಂಗ್ ಬೆಲ್ಲಾ?"

ನಿಝಾಮುದ್ದೀನ್ ದಮ್ಮಾಮಿನಿಂದ ಸಮಾಧಾನ ಹೇಳಿದ. "ಡಾಕ್ಟರೇ ಹೇಳಿದ್ದಾರಲ್ಲ, ಏನಾಗುದಿಲ್ಲ ಅಂತ."

"ನೀವು ನೋಡ್ಲಿಲ್ಲ" ಎಂದಳು ಫಾಹಿಮಾ. ಮಗಳು ನೇರಳೆಯಾದದ್ದನ್ನು ಅವನು ನಿಜವಾಗಿಯೂ ನೋಡಿರಲಿಲ್ಲ. ಅವಳು ನಿಶ್ಚಯ ಮಾಡಿಬಿಟ್ಟಿದ್ದಳು. ಈ ತಿಂಗಳು, ಒಪ್ಪಿಕೊಂಡ ಈ ಕೆಲಸ ಮುಗಿಯಲಿ. ಆಮೇಲೆ ಲೈಬ್ರರಿಯೂ ಬೇಡ, ಬಸ್ಸೂ ಬೇಡ. ಮಗಳ ಪಕ್ಕದಿಂದ ಏಳುವುದೇ ಇಲ್ಲ. ಮದುವೆ, ನೆಂಟರ ಮನೆ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಇಂಥ ಫಿಟ್ಸ್ ಬರುವ ವಯಸ್ಸು ದಾಟಿ, ಐದು ವರ್ಷ ತುಂಬುವವರೆಗೆ ಹೀಗೆಯೇ.

ಇಷ್ಟು ದಿನ ಅವಳು ಟೈಪು ಮಾಡಿ ಒತ್ತುವ ಗಡಿಬಿಡಿಯಲ್ಲಿ ಒಂದು ವಿಷಯ ಗಮನಿಸಿರಲಿಲ್ಲ. ಒಂದು ಮಧ್ಯಾಹ್ನ ಹುಡುಕುವ ಚೌಕದ ಮೇಲೆ ಒಮ್ಮೆ ಒತ್ತಿ, ಟೈಪು ಮಾಡದೆ ಫೋನಿನ ಕಡೆ ನೋಡಿದಳು. ತಿರುಗುವಷ್ಟರಲ್ಲಿ ಚೌಕದ ಕೆಳಗೆ ಪರದೆಯ ಹಾಗೆ ಒಂದು ಪಟ್ಟಿ ಇಳಿದಿತ್ತು. ಈ ಖಾತೆಯಲ್ಲಿ ಇಲ್ಲಿಯವರೆಗೆ ಹುಡುಕಿದ ಮಾತುಗಳು. ನಿದ್ದೆಯಲ್ಲಿ ಸಾವು. ಉಸಿರು ನಿಲ್ಲುವುದು. ಮಾತು ಹೋಗುವುದು. ಹೆಚ್ಚುಕಡಿಮೆ ಎಲ್ಲ ಅವಳದ್ದೇ, ಒಂದರ ಕೆಳಗೊಂದು; ಈ ಮೂರನೆಯದನ್ನು ಮಕ್ಕಳು ಇನ್ನೂ ಅಷ್ಟಾಗಿ ತೆರೆದಿರಲಿಲ್ಲ.

ಇಡೀ ಕಾಲೇಜಿಗೆ ಒಂದೇ ಖಾತೆ. ಯಾರು ತೆರೆದರೂ ಇದು ಕಾಣುತ್ತದೆ. ಅಳಿಸುವ ದಾರಿ ಹುಡುಕಿದಳು. ಆ ಅಧಿಕಾರ ಕಂಪನಿಯವರಿಗೆ ಮಾತ್ರ ಇತ್ತು.

ಮತ್ತೆ ಕಣ್ಣಾಡಿಸಿದಾಗ ಇನ್ನೂ ಒಂದು ಕಂಡಿತು. ಎಲ್ಲಕ್ಕಿಂತ ಮೇಲಿನ ಸಾಲು ಅವಳದ್ದಲ್ಲ. 'ಜ್ವರದ ಫಿಟ್ಸ್ ಬಂದ ಮಕ್ಕಳು, ದೊಡ್ಡವರಾದ ಮೇಲೆ ಹೇಗಿದ್ದಾರೆ' ಎಂದಿತ್ತು ಅದರ ಅರ್ಥ. ಯಾರೋ ನೋಡಿದ್ದಾರೆ. ನೋಡಿ, ಅದೇ ವಿಷಯ ಹುಡುಕಿದ್ದಾರೆ. ಯಾಕೆ? ಕುತೂಹಲಕ್ಕಾ? ನಾಳೆ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ ಮಾತಾಡಲಿಕ್ಕಾ? ಆ ಸಾಲನ್ನು ಒತ್ತಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ದೊಡ್ಡವರಾದ ಮೇಲೆ ಹೇಗಿದ್ದಾರೆ ಎಂಬ ಪ್ರಶ್ನೆಗೆ ಇವಳ ಮನಸ್ಸಿನಲ್ಲಿದ್ದದ್ದು ದೊಡ್ಡವರಾಗುವುದೇ ಇಲ್ಲ ಎಂಬ ಒಂದೇ ಉತ್ತರ. ಕಂಪ್ಯೂಟರು ಮುಚ್ಚಿದಳು.

ಅದೇ ವಾರ ಅಧ್ಯಾಪಕರಿಗೆಲ್ಲ ಸೆಮಿನಾರ್ ಹಾಲಿನಲ್ಲಿ ತೋರಿಸುವ ಕಾರ್ಯಕ್ರಮ. ಫಾಹಿಮಾ ಮೊದಲೇ ಲೆಕ್ಕ ಹಾಕಿಕೊಂಡಿದ್ದಳು. ವಾಣಿಜ್ಯದ್ದು ತೋರಿಸುವುದು, ಇತಿಹಾಸದ್ದು ತೋರಿಸುವುದು, ಮೂರನೆಯದರ ಹೆಸರು ಮಾತ್ರ ಹೇಳಿ ಮುಗಿಸುವುದು. ಎರಡು ಮುಗಿಯಿತು. ಪ್ರೊಜೆಕ್ಟರಿನ ವೈರು ತೆಗೆಯಲು ಕೈ ಹಾಕಿದಳು.

"ಆ ಸೈನ್ಸ್‌ನದ್ದು ತೋರಿಸ್ಲೇ ಇಲ್ಲ?" ಎಂದರು ದೇವಿಪ್ರಸಾದ್, ಮುಂದಿನ ಸಾಲಿನಿಂದ.

"ಅದೂ ಇದೇ ತರಹ ಸರ್. ಸಮಯ ಆಯ್ತಲ್ಲ..."

"ಸಮಯ ಉಂಟು, ಉಂಟು. ಚಹಾ ಇನ್ನೂ ಬರ್ಲಿಲ್ಲ. ತೋರಿಸಿ."

ಬೇರೆ ದಾರಿ ಇರಲಿಲ್ಲ. ತೆರೆದಳು. ಚೌಕದೊಳಗೆ ಬೇಗ ಏನಾದರೂ ಟೈಪು ಮಾಡಿದರೆ ಪಟ್ಟಿ ಮಾಯವಾಗುತ್ತದೆ ಎಂದು 'ಮೀನು' ಎಂದು ಹೊಡೆಯಲು ಹೊರಟಳು. ಅವಸರದಲ್ಲಿ ಬೆರಳು ತಪ್ಪು ಗುಂಡಿಗೆ ಬಿತ್ತು. ಪಟ್ಟಿ ಇಳಿಯಿತು. ಅವಳ ಹೆದರಿಕೆಯೆಲ್ಲ ಗೋಡೆಯಷ್ಟು ದೊಡ್ಡದಾಗಿ, ಬಿಳಿ ಪರದೆಯ ಮೇಲೆ, ಎಲ್ಲರೆದುರು ನಿಂತಿತು.

ಕಾಮರ್ಸಿನ ಗಜಾನನ ಮೇಷ್ಟ್ರು ಹಿಂದಿನಿಂದ ಕೂಗಿದರು. "ಎಂತ ಮಾರಾಯ್ರೆ ಇದು? ನಮ್ಮ ಕಾಲೇಜಿನಲ್ಲಿ ಯಾವಾಗಿಂದ ಡಾಕ್ಟ್ರಿಕೆ ಶುರು ಆದದ್ದು? ಯಾರು ಇದು, ಬರೀ ಸಾವು ಹುಡುಕುವವರು?"

ನಗು ಎದ್ದಿತು. ಫಿಟ್ಸ್‌ನ ಹುಡುಗಿ. ಮುಗಿಯಿತು. ಈಗ ಯಾರಾದರೂ ಇವಳ ಮುಖ ನೋಡಿದರೆ ಸಾಕು.

"ನಾನು ಹುಡುಕಿದ್ದು."

ಎದ್ದು ನಿಂತದ್ದು ಪ್ರಾಣಿಶಾಸ್ತ್ರದ ವಾಗ್ದೇವಿ ಮೇಡಂ. ಲೈಬ್ರರಿಯವರೆಲ್ಲ ಹೆದರುವ ಹೆಂಗಸು. ಪುಸ್ತಕ ಒಂದು ದಿನ ತಡವಾಗಿ ಸಿಕ್ಕಿದರೆ, "ನಿಮ್ಮಲ್ಲಿ ಫ್ಯಾನ್ ಬಿಟ್ರೆ ಓಡುವಂಥದ್ದು ಬೇರೆ ಎಂತ ಉಂಟು?" ಎಂದು ಕೌಂಟರಿನಲ್ಲೇ ಕೇಳುವವರು.

"ಜೀವಶಾಸ್ತ್ರದವರು ಸಾವು ಹುಡುಕದೆ ಮತ್ತೆಂತ ಹುಡುಕುದು ಗಜಾನನ ಸರ್? ನಿಮ್ಮ ಹಾಗೆ ಶೇರು ಬಿದ್ದದ್ದು ಹುಡುಕ್ಲಿಕ್ಕಾಗ್ತದಾ? ಫಾಹಿಮಾ, ಮುಂದೆ ಹೋಗುವ. ನಮ್ಮ ಪಾಠದ್ದು, ಮೀನಿನದ್ದು ಎಂತಾದ್ರೂ ತೋರಿಸಿ."

ನಗು ಗಜಾನನ ಮೇಷ್ಟ್ರ ಕಡೆ ತಿರುಗಿತು. ಚಹಾವೂ ಬಂತು. ಫಾಹಿಮಾ ಮೀನಿನದ್ದು ಏನು ತೋರಿಸಿದಳೋ ಅವಳಿಗೇ ತಿಳಿಯದು.

ಎಲ್ಲರೂ ಹೋದ ಮೇಲೆ ವಾಗ್ದೇವಿ ಮೇಡಂ ಲೈಬ್ರರಿಗೆ ಬಂದರು. ಕೌಂಟರಿನ ಒಳಗಡೆ, ಯಾರನ್ನೂ ಬಿಡದ ಜಾಗಕ್ಕೆ, ತಾವೇ ಒಂದು ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ಅದು ನೀವು ಹುಡುಕಿದ್ದಲ್ಲ" ಎಂದಳು ಫಾಹಿಮಾ.

"ಮೇಲಿನ ಸಾಲು ನಂದೇ. ಕೆಳಗಿನದ್ದು ಯಾರದ್ದು ಅಂತ ನಾನೂ ಕೇಳ್ಲಿಲ್ಲ, ನೀವೂ ಹೇಳ್ಬೇಡಿ. ಆದ್ರೆ ಫೋನ್ ಹಿಡ್ಕೊಂಡು 'ಹಣೆ ಮುಟ್ಟಿ ನೋಡಿ, ಹಣೆ ಮುಟ್ಟಿ ನೋಡಿ' ಅಂತ ಹೇಳುವ ಜನ ಈ ಕಾಲೇಜಿನಲ್ಲಿ ಒಬ್ಬರೇ ಇರುದು. ನಿಮಗೆ ಕಾಣ್ಲಿ ಅಂತ ನಾನು ಆ ಸಾಲು ಹಾಕಿ ಎಷ್ಟು ದಿನ ಆಯ್ತು! ಒತ್ತಿ ನೋಡಿದ್ರಾ?"

"ಇಲ್ಲ ಮೇಡಂ. ಹೆದರಿಕೆ ಆಯ್ತು."

"ಎಂಥ ಲೈಬ್ರರಿಯನ್ ಮಾರಾಯ್ತಿ ನೀವು? ಮಕ್ಕಳಿಗೆ ಹೇಳಿಕೊಟ್ಟದ್ದು ನಾನೇ ಹಿಂದೆ ನಿಂತು ಕೇಳಿದ್ದೇನೆ, ಉತ್ತರವನ್ನು ಪ್ರಶ್ನೆಯೊಳಗೆ ಹಾಕ್ಬೇಡಿ ಅಂತ. ನೀವು ಸಾವು ಅಂತ ಬರ್ದು ಹುಡುಕಿದ್ದೀರಿ. ಆ ಪಾಪದ ಮಿಷನ್ ಎಂತ ಮಾಡ್ಬೇಕು? ಕೇಳಿದ್ದನ್ನು ತಂದು ಕೊಡ್ತದೆ."

ಫಾಹಿಮಾಳ ಕಣ್ಣು ತುಂಬಿತು. ಅಷ್ಟರಲ್ಲಿ ಮೇಡಂ ತಮ್ಮ ಫೋನು ಮುಂದೆ ಹಿಡಿದರು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹುಡುಗನೊಬ್ಬ ಹಲ್ಲು ಕಿರಿಯುತ್ತಿದ್ದ.

"ನನ್ನ ಮಗ, ಮನ್ವಿತ್. ಸಣ್ಣದಿರುವಾಗ ಇವನಿಗೆ ಮೂರು ಸಲ ಬಂದಿತ್ತು. ಒಮ್ಮೆ ಇದೇ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ. ನಾನು ಚಪ್ಪಲಿ ಬಿಟ್ಟು ಓಡಿದ್ದೆ. ಈಗ ನೋಡಿ. ಇವನ ಬಗ್ಗೆ ಯಾವ ಡಾಕ್ಟರು ಪೇಪರ್ ಬರೀತಾರೆ? ಹುಡುಗ ಸರಿ ಇದ್ದಾನೆ, ನೀರುದೋಸೆ ಲೆಕ್ಕ ಇಲ್ಲದೆ ತಿಂತಾನೆ ಅಂತ ಬರೀತಾರಾ? ಅಪರೂಪದ್ದನ್ನು ಬರೀತಾರೆ. ಅಪರೂಪ ಅಂತಲೇ ಬರಿಯುದು. ನೀವು ಅದನ್ನೇ ಒಟ್ಟುಮಾಡಿ ಊರಿಗೆ ಊರೇ ಹಾಗೆ ಅಂದ್ಕೊಂಡಿದ್ದೀರಿ."

ಅವರು ಎದ್ದುಹೋದರು. ಹೋಗುವಾಗ, "ಮೊದಲು ಊಟ ಮಾಡಿ. ಡಬ್ಬಿಯೊಳಗೆ ಇರುದು ಹಳಸ್ತದೆ" ಎಂದರು.

ಫಾಹಿಮಾ ಮೇಡಂ ಹಾಕಿದ ಸಾಲನ್ನು ಒತ್ತಿದಳು. ಒತ್ತುವಾಗ ಕಣ್ಣು ಮುಚ್ಚಿದ್ದಳು.

ಬಂದದ್ದು ಬೇರೆಯೇ ಲೋಕ. ಒಂದೆರಡು ಮಕ್ಕಳ ಕತೆಯಲ್ಲ. ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತ ಬಂದವರು ಬರೆದದ್ದು. ಸಾಮಾನ್ಯ ಜ್ವರದ ಫಿಟ್ಸ್ ಬಂದ ಮಕ್ಕಳು ಶಾಲೆಗೆ ಹೋದವು, ಉಳಿದ ಮಕ್ಕಳ ಹಾಗೆಯೇ ಓದಿದವು, ಬೆಳೆದವು. ಬೆಳ್ತಂಗಡಿಯ ಡಾಕ್ಟರು ಹೇಳಿದ ಮಾತೇ, ಉದ್ದಕ್ಕೆ ಬರೆದ ಹಾಗಿತ್ತು. ಜೊತೆಗೆ ಆ ಕೊನೆಯ ಮಾತೂ ಇತ್ತು: ಮೂರರಲ್ಲಿ ಒಂದು ಮಗುವಿಗೆ ಮತ್ತೆ ಬರಬಹುದು.

ಎರಡು ಮಕ್ಕಳಿಗೆ ಬರುವುದಿಲ್ಲ ಎಂದು ಓದಬೇಕಾದಲ್ಲಿ ಅವಳು ಒಂದಕ್ಕೆ ಬರುತ್ತದೆ ಎಂದೇ ಓದಿದಳು. ಹೆದರಿಕೆ ಹೋಗಲಿಲ್ಲ. ಆದರೆ ಈಗ ಆ ಹೆದರಿಕೆಗೆ ಒಂದು ಅಂಚು ಕಂಡಿತು. ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತಾದರೆ ಯಾವುದನ್ನೂ ಒಂದು ಕಡೆ ಎತ್ತಿಡಬಹುದು. ಬಂದರೆ ಏನು ಮಾಡಬೇಕು ಎಂಬುದನ್ನೂ ಓದಿದಳು. ಬಂಟ್ವಾಳದ ಮಕ್ಕಳ ಡಾಕ್ಟರ ಹತ್ತಿರ ಮಗಳನ್ನು ಕರೆದುಕೊಂಡು ಹೋಗಿ, ಓದಿದ್ದು ಸರಿಯೇ ಎಂದು ಕೇಳಿದಳು. ಸರಿ ಎಂದರು.

ಆ ಸಂಜೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಮೈಮೂನಮ್ಮ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಬದಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಗಟ್ಟಿಯಾಗಿ ಹಿಡಿಯಬೇಡಿ... ಬೀಗದ ಕೈ ಕೂಡ ಬೇಡ್ವಾ?"

"ಬೇಡ ಮಾಮಿ. ಕಬ್ಬಿಣದಿಂದ ಏನೂ ಆಗುದಿಲ್ಲ. ಹುಡುಕುವುದರಲ್ಲೇ ಹೊತ್ತು ಹೋಗ್ತದೆ."

"ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆ." ಮೈಮೂನಮ್ಮ ಕನ್ನಡಕ ತೆಗೆದರು. "ಇದು ನನ್ನಿಂದಾಗುದಿಲ್ಲ. ಮಗು ಹಾಗೆ ಅದುರುವಾಗ ಗಡಿಯಾರದ ಮುಳ್ಳು ನನ್ನ ಕಣ್ಣಿಗೆ ಕಾಣ್ತದಾ? ಎಂಥ ಐದು, ಎಂಥ ಆರು!"

ಅದು ನಿಜ. ಆ ಹೊತ್ತಿನಲ್ಲಿ ಫಾಹಿಮಾಳಿಗೂ ಕಾಣಲಿಕ್ಕಿಲ್ಲ.

"ನಾನು ಹೆದರಿಕೆ ಆದಾಗ ಆಯತುಲ್ ಕುರ್ಸಿ ಓದುದು" ಎಂದರು ಮೈಮೂನಮ್ಮ. "ಅದು ಯಾವ ಹೊತ್ತಿನಲ್ಲೂ ನನಗೆ ತಪ್ಪುದಿಲ್ಲ. ನಿನ್ನ ಐದು ನಿಮಿಷಕ್ಕೆ ಅದು ಎಷ್ಟು ಸಲ ಆಗ್ತದೆ, ನೋಡು."

ಫಾಹಿಮಾ ಫೋನಿನಲ್ಲಿ ಸಮಯ ಹಿಡಿದಳು. ಮೈಮೂನಮ್ಮ ತಲೆಗೆ ಶಾಲು ಎಳೆದುಕೊಂಡು, ಕುರ್‌ಆನಿನ ಆ ಸಾಲುಗಳನ್ನು ಅವಸರವಿಲ್ಲದೆ, ಎಂದಿನ ರಾಗದಲ್ಲಿ ಓದಿದರು. ಫರ್ಹಾನ ಅಜ್ಜಿಯ ಬಾಯಿಯನ್ನೇ ನೋಡುತ್ತ ತಾನೂ ತುಟಿ ಅಲ್ಲಾಡಿಸಿದಳು. ಏಳನೆಯ ಸಲ ಮುಗಿಯುವಾಗ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಫಾಹಿಮಾ ಕ್ಯಾಲೆಂಡರಿನ ಮೇಲೆ ಐದು ನಿಮಿಷ ಎಂಬುದನ್ನು ಹೊಡೆದುಹಾಕಿ, 'ಏಳು ಸಲ ಓದುವಷ್ಟರಲ್ಲಿ ನಿಲ್ಲದಿದ್ದರೆ ಶಾಫಿಯ ರಿಕ್ಷಾ, ಆಸ್ಪತ್ರೆ' ಎಂದು ಬರೆದಳು. ರಿಕ್ಷಾದ ಶಾಫಿ ಎದುರು ಮನೆಯವನು. ಅವನ ನಂಬರನ್ನೂ ದೊಡ್ಡದಾಗಿ ಬರೆದಳು.

ಬೇಡವೆಂದು ಬೇಡಿಕೊಂಡದ್ದು ಬಂದೇ ಬಂತು.

ಆ ಬೆಳಿಗ್ಗೆ ಫರ್ಹಾನಳ ಹಣೆ ತಣ್ಣಗೇ ಇತ್ತು. ಕೈಯ ಹಿಂಬದಿ, ಕೆನ್ನೆ, ತುಟಿ ಎಲ್ಲ ಇಟ್ಟು ನೋಡಿಯೇ ಫಾಹಿಮಾ ಹೊರಟಿದ್ದಳು. ಸಂಜೆ ವಾಪಸು ಬರುವಾಗ, ಬಸ್ಸು ಸಿದ್ಧಕಟ್ಟೆ ತಲುಪುವ ಮೊದಲು ಫೋನು ಬಂತು.

"ಫಾಹಿಮಾ, ಬಂತು. ಮೈ ಬಿಸಿ ಉಂಟು. ಕಣ್ಣು ಮೇಲೆ..."

ಅಷ್ಟೇ. ಲೈನು ಕಡಿಯಿತು. ಮತ್ತೆ ಮಾಡಿದಳು, ಹೋಗಲಿಲ್ಲ. ಆ ತಿರುವುಗಳಲ್ಲಿ ನೆಟ್‌ವರ್ಕು ಇರುವುದಿಲ್ಲವೆಂದು ದಿನಾ ಹೋಗುವವರಿಗೆಲ್ಲ ಗೊತ್ತು. ಅವಳಿಗೂ ಗೊತ್ತಿತ್ತು. ಆದರೂ ಒತ್ತಿದಳು, ಒತ್ತಿದಳು. ಪಕ್ಕದ ಸೀಟಿನ ಹೆಂಗಸು, "ಎಂತ ಆಯ್ತಮ್ಮ?" ಎಂದು ಕೇಳಿದರು. ಫಾಹಿಮಾ ಮತ್ತೆ ಒತ್ತಿದಳು.

ಓದಿದ ಕೆಟ್ಟದ್ದೆಲ್ಲ ಒಂದೇ ಸಲಕ್ಕೆ ಎದ್ದು ಬಂತು. ಹೆಸರಿಲ್ಲದ ಆ ಮಕ್ಕಳೆಲ್ಲ ಬಸ್ಸಿನೊಳಗೆ ಬಂದು ಕೂತ ಹಾಗಾಯಿತು. ಆಗ ಏನೂ ತೋಚದೆ ಅವಳು ಅತ್ತೆ ಹೇಳಿದ್ದನ್ನೇ ಹಿಡಿದಳು. ಮಾಮಿ ಈಗ ಓದುತ್ತಿದ್ದಾರೆ. ನಾನೂ ಓದುತ್ತೇನೆ. ಮುಂದಿನ ಸೀಟಿನ ಕಂಬಿ ಹಿಡಿದು, ಅದೇ ನಿಧಾನದಲ್ಲಿ, ಒಂದು. ಎರಡು. ಕಂಡಕ್ಟರು ಸೀಟಿ ಊದಿದ, ಯಾರೋ ಇಳಿದರು, ಯಾರೋ ಹತ್ತಿದರು. ಮೂರು. ಈಗ ನಿಂತಿರಬೇಕು. ನಾಲ್ಕು. ನಿಂತರೆ ಮಾಮಿ ಫೋನು ಮಾಡುತ್ತಾರೆ. ಫೋನಿನ ಮೂಲೆಯಲ್ಲಿ ನೆಟ್‌ವರ್ಕಿನ ಕಡ್ಡಿ ಒಂದು ಮೂಡಿತು, ಎರಡಾಯಿತು. ಐದು. ತಾನೇ ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಆರು. ಎತ್ತಲಿಲ್ಲ. ಏಳನೆಯದು ಓದುವಾಗ ಮಾತುಗಳು ನಾಲಿಗೆಯಿಂದ ಜಾರಿ ಹೋಗುತ್ತಿದ್ದವು. ಮುಗಿಯಿತು. ಫೋನು ಸುಮ್ಮನಿತ್ತು.

ಏಳು ಆಯಿತು. ನಿಂತಿಲ್ಲ. ಶಾಫಿಯ ರಿಕ್ಷಾ. ಆಸ್ಪತ್ರೆ. ಕಂಬಿಗೆ ಹಣೆ ಇಟ್ಟಳು.

ಆಗ ಫೋನು ಹೊಡೆದುಕೊಂಡಿತು.

"ನಿಂತಿತು ಮಗಳೇ. ನಿಂತಿತು. ಈಗ ಅಳ್ತಾ ಉಂಟು, ಕೇಳು."

ಅಳು ಕೇಳಿತು. ಎಡವಿ ಬಿದ್ದ ಮಗುವಿನ ಅಳುವಿನ ಹಾಗೆ ಸಿಟ್ಟಿನ, ಗಟ್ಟಿಯಾದ ಅಳು.

"ಯಾವಾಗ ನಿಂತಿತು ಮಾಮಿ?"

"ನಾಲ್ಕನೆಯದ್ದು ಅರ್ಧ ಆಗುವಾಗ. ಬದಿಗೆ ಮಲಗಿಸಿದ್ದೆ, ನೀನು ಬರ್ದ ಹಾಗೆಯೇ. ಬೀಗದ ಕೈ ಮುಟ್ಟಲೇ ಇಲ್ಲ. ಶಾಫಿಯನ್ನು ಕೂಗಿದ್ದೇನೆ. ಅವನು ರಿಕ್ಷಾ ತಿರುಗಿಸ್ತಾ ಇದ್ದಾನೆ, ಡಾಕ್ಟರಿಗೆ ಒಮ್ಮೆ ತೋರಿಸುವ."

"ನಾಲ್ಕಕ್ಕೆ ನಿಂತಿದ್ರೆ ಫೋನ್ ಯಾಕೆ ಎತ್ತಲಿಲ್ಲ? ನಾನಿಲ್ಲಿ ಸತ್ತು ಹೋಗಿದ್ದೆ!"

"ಏಳು ಓದ್ತೇನೆ ಅಂತ ಮನಸ್ಸಿನಲ್ಲಿ ನಿಯ್ಯತ್ತು ಮಾಡಿ ಶುರು ಮಾಡಿದ್ದಲ್ವಾ? ಮಗು ಸರಿ ಆಯ್ತು ಅಂತ ಉಳಿದದ್ದು ಬಿಡ್ಲಿಕ್ಕುಂಟಾ? ಮುಗಿಸಿಯೇ ಮಾಡಿದ್ದು. ನಡುವೆ ನಿನ್ನ ಫೋನು ಬೇರೆ, ಎರಡೆರಡು ಸಲ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಫಾಹಿಮಾ ಅತ್ತಳು. ಅಳುತ್ತಳುತ್ತಲೇ ನಗು ಬಂತು. ಪಕ್ಕದ ಹೆಂಗಸು ಏನೂ ಕೇಳದೆ ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಕೊಟ್ಟರು.

ಡಾಕ್ಟರು ನೋಡಿದರು. ಗಂಟಲಿನ ಜ್ವರ. ಎರಡು ದಿನದಲ್ಲಿ ಇಳಿಯಿತು.

ತಿಂಗಳ ಕೊನೆಯ ದಿನ ಫಾಹಿಮಾ ಲೈಬ್ರರಿಗೆ ಹೋದಳು. ಕೆಲಸ ಬಿಡುವ ಮಾತನ್ನು ಅವಳು ದೇವಿಪ್ರಸಾದ್ ಅವರ ಹತ್ತಿರ ಎತ್ತಲಿಲ್ಲ. ಅವಳು ಪಕ್ಕದಲ್ಲಿಲ್ಲದ ಹೊತ್ತಿನಲ್ಲೇ ಅದು ಬಂದಿತ್ತು, ಅವಳು ಮಾಡಬಹುದಾದದ್ದನ್ನೆಲ್ಲ ಮೈಮೂನಮ್ಮ ಮಾಡಿದ್ದರು. ಇನ್ನೂ ಒಮ್ಮೆ ಬರಬಹುದು. ಬರದೆಯೂ ಇರಬಹುದು. ಮೂರನೆಯ ಡೇಟಾಬೇಸನ್ನು ತೆಗೆದುಕೊಳ್ಳುವ ಎಂದಳು. "ಆದ್ರೆ ಸರ್, ಒಬ್ಬೊಬ್ಬರಿಗೆ ಬೇರೆ ಲಾಗಿನ್ ಕೊಡುವುದಾದ್ರೆ ಮಾತ್ರ." ಯಾಕೆ ಎಂದು ಅವರು ಕೇಳಲಿಲ್ಲ. ತಲೆಯಾಡಿಸಿದರು.

ಖಾತೆ ಮುಚ್ಚುವ ಮೊದಲು ಕೊನೆಯ ಸಲ ತೆರೆದಳು. ಚೌಕ ಒತ್ತಿದಾಗ ಪಟ್ಟಿ ಇಳಿಯಿತು. ಮೀನುಗಳು, ಕಪ್ಪೆಗಳು, ಯಾರದೋ ರಸಾಯನಶಾಸ್ತ್ರ; ಅವಳ ಸಾಲುಗಳು ಕೆಳಗೆ ಹೋಗಿದ್ದವು. ಎಲ್ಲಕ್ಕಿಂತ ಮೇಲೆ, ಅವತ್ತೇ ಬೆಳಿಗ್ಗೆ ಯಾರೋ ಹುಡುಕಿದ್ದು: ತಾಯಿ, ಎದೆಯಲ್ಲಿ ಗಂಟು, ಎಷ್ಟು ದಿನ ಬದುಕುತ್ತಾರೆ.

ಫಾಹಿಮಾ ತಲೆಯೆತ್ತಿ ನೋಡಿದಳು. ಕಂಪ್ಯೂಟರುಗಳ ಸಾಲಿನಲ್ಲಿ ಆರೇಳು ಮಕ್ಕಳು. ಯಾರೆಂದು ಹುಡುಕಲು ಅವಳು ಹೋಗಲಿಲ್ಲ. 'ಎದೆಯ ಗಂಟು, ಕ್ಯಾನ್ಸರ್ ಅಲ್ಲದವು ಎಷ್ಟು, ಮೊದಲು ಮಾಡಿಸಬೇಕಾದ ಪರೀಕ್ಷೆ' ಎಂಬುದನ್ನು ಸರಿಯಾದ ಮಾತುಗಳಲ್ಲಿ ಟೈಪು ಮಾಡಿ ಒತ್ತಿದಳು. ಒಬ್ಬೊಬ್ಬರ ಕತೆಗಳನ್ನು ಬದಿಗಿಟ್ಟು, ಸಾವಿರಾರು ಜನರದ್ದು ಮಾತ್ರ ಕಾಣುವ ಹಾಗೆ ಸೋಸಿದಳು. ಈಗ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಆ ಸಾಲು. ಸಂಜೆಯವರೆಗೆ ಖಾತೆ ತೆರೆದಿರುತ್ತದೆ. ತಾಯಿಗಾಗಿ ಹುಡುಕಿದ ಆ ಮಗು ಇನ್ನೊಮ್ಮೆ ಬಂದರೆ, ಬಂದು ಒತ್ತುವ ಧೈರ್ಯ ಮಾಡಿದರೆ, ಅಷ್ಟು ಸಾಕು.

ಅಷ್ಟರಲ್ಲಿ ಮನೆಯಿಂದ ಫೋನು. ಎದೆ ಎಂದಿನ ಹಾಗೆ ಒಮ್ಮೆ ಕೆಳಗೆ ಬಿದ್ದು ಮೇಲೆ ಬಂತು. ಆ ಬೀಳುವುದು ಬಹುಶಃ ಇನ್ನು ಕೆಲವು ವರ್ಷ ನಿಲ್ಲುವುದಿಲ್ಲ.

"ಮಾಮಿ? ಎಂತ ಆಯ್ತು? ಹಣೆ..."

"ಮುಟ್ಟಿ ನೋಡಿಯೇ ಫೋನ್ ಮಾಡಿದ್ದು" ಎಂದರು ಮೈಮೂನಮ್ಮ. "ತಣ್ಣಗೆ ಉಂಟು. ಬರುವಾಗ ಬಾಳೆಹಣ್ಣು ತಾ."